ಕಿಡಕಿಯಿಂದ ಇಳದ ಬುಟ್ಟಿ

ನಮ್ಮ ಕಡೆ ಮಾತು ಕಮ್ಮಿ ಇರೋ ಹೆಣ್ಣಮಕ್ಕಳಿಗೆ ಎರಡ ಹೆಸರು. ಲಗ್ನದ ಮನ್ಯಾಗ ಒಂದ ಮೂಲಿ ಹಿಡದು ಕೂತ್ರ 'ಸೊಕ್ಕಿನಾಕಿ', ಅರಿಷಿಣ-ಕುಂಕುಮಕ್ಕ ಹೋಗಲಿಲ್ಲಂದ್ರ 'ಪಾಪ, ಏನ ತ್ರಾಸ ಅದನೋ'. ಅಕಿ ಆರಾಮ ಇದ್ದಾಳ, ಅಕಿಗೆ ಹಂಗ ಇರೋದ ಸೇರತದ ಅಂತ ಯಾರಿಗೂ ಹೊಳಿಯೂದಿಲ್ಲ. ನನಗ ಎರಡೂ ಹೆಸರು ಬಂದಾವ. ಅದಕ್ಕನ ಅಮೆರಿಕಾದ ಕವಿ ಎಮಿಲಿ ಡಿಕಿನ್ಸನ್ ಕಥಿ ನನಗ ಭಾಳ ಹತ್ತರದ್ದು ಅನಸ್ತದ.

ಅಕಿ ಹುಟ್ಟಿದ್ದು 1830ರಾಗ, ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಅನ್ನೋ ಸಣ್ಣ ಊರಾಗ. ಅಪ್ಪ ವಕೀಲ, ಊರ ಕಾಲೇಜಿನ ಖಜಾಂಚಿ. ಅಂದಮ್ಯಾಲೆ ಮನಿಗೆ ಮಂದಿ ಬರೋದು ಹೋಗೋದು ಇದ್ದದ್ದ. ಎಮಿಲಿ ಮೊದಲಿಂದ ಒಳಗ ಕೂತಾಕಿ ಅಲ್ಲ. ಗೆಳತ್ಯಾರಿದ್ರು, 1847ರಾಗ ಹೊರಗಿನೂರಾಗ ಉಳದು ಒಂದ ವರ್ಷ ಓದಿ ಬಂದ್ಲು, 1855ರಾಗ ವಾಷಿಂಗ್ಟನ್ನು, ಫಿಲಡೆಲ್ಫಿಯಾ ನೋಡಿ ಬಂದ್ಲು. ಮೂವತ್ತು ದಾಟಿದ ಮ್ಯಾಲೆ ಒಂದೊಂದ ಕಮ್ಮಿ ಮಾಡಕೋತ ಹೋದ್ಲು. 1865ರಾಗ ಕಣ್ಣಿನ ಔಷಧಕ್ಕಂತ ಬಾಸ್ಟನ್ ಕಡೆ ಇದ್ದು ಬಂದ್ಲಲ್ಲಾ, ಆಮ್ಯಾಲೆ ಅಕಿ ಊರು ಬಿಡಲಿಲ್ಲ. ಹೋಗ್ತಹೋಗ್ತ ಮನಿಗೆ ಬಂದವರ ಜೋಡಿನೂ ಬಾಗಲಾ ಮರಿಗೆ ನಿಂತು ಮಾತಾಡೋಳು. 1874ರಾಗ ಅಪ್ಪ ಹೋದಾಗ ಮನ್ಯಾಗನ ಪ್ರಾರ್ಥನಾ ಆತು. ಅಕಿ ಮ್ಯಾಲಿನ ಖೋಲ್ಯಾಗ, ಬಾಗಲಾ ಒಂಚೂರು ತಗದಿಟ್ಟು ಕೇಳಿದ್ಲು. ನಮ್ಮೂರಾಗ ಆಗಿದ್ರ ಹದಿಮೂರು ದಿನ ಅದ ಸುದ್ದಿ!

ಹಂಗಂತ ಅಕಿ ಮಂದೀನ ಬಿಟ್ಟಿರಲಿಲ್ಲ, ನೋಡ್ರಿ. ಅಕಿ ಬರದ ಸಾವಿರದ ಮ್ಯಾಲೆ ಪತ್ರ ಇವತ್ತಿಗೂ ಉಳದಾವ. ಬಾಜೂ ಮನ್ಯಾಗಿದ್ದ ವೈನಿ ಸೂಸನ್‌ಗಂತೂ ಚೀಟಿ ಮ್ಯಾಲೆ ಚೀಟಿ, ಕವಿತಾ ಮ್ಯಾಲೆ ಕವಿತಾ. ಬ್ರೆಡ್ ಮಾಡೋದ್ರಾಗ ಅಕಿ ಕೈ ಹಿಡಿಯೋರಿಲ್ಲ. 1856ರಾಗ ಊರ ದನದ ಜಾತ್ರಿ ಪ್ರದರ್ಶನದಾಗ ರೈ ಮತ್ತ ಗೋವಿನಜೋಳದ ಹಿಟ್ಟಿನ ಬ್ರೆಡ್ಡಿಗೆ ಎರಡನೇ ಬಹುಮಾನ ಬಂದಿತ್ತು. ಓಣಿ ಹುಡುಗರಿಗೆ ಶುಂಠಿ, ಕಾಕಂಬಿ ಹಾಕಿ ಕೇಕ್ ಮಾಡಿ, ಬುಟ್ಟ್ಯಾಗಿಟ್ಟು ಕಿಡಕಿಯಿಂದ ಹಗ್ಗದಾಗ ಕೆಳಗ ಬಿಡೋಳು. ಹುಡುಗರಿಗೆ ಅಕಿ ಸೊಕ್ಕಿನಾಕಿ ಅನಿಸಿರಲಿಕ್ಕಿಲ್ಲ. 1875ರಾಗ ತಾಯಿಗೆ ಲಕವಾ ಹೊಡೀತು. ಮುಂದ 1882ರ ತನಕ, ಏಳು ವರ್ಷ, ಹಾಸಿಗಿ ಹಿಡದ ತಾಯಿ ಸೇವಾ ಅಕ್ಕ-ತಂಗಿ ಕೂಡಿ ಮಾಡಿದ್ರು. ಮಂದಿ ಬ್ಯಾಡ ಅನ್ನೋರು ಹಿಂಗ ಮಾಡತಾರೇನು? ಅಕಿಗೆ ಬ್ಯಾಡಾಗಿದ್ದು ಮಂದಿ ಅಲ್ಲ, ಮಂದಿಯ ಗದ್ದಲ. ಯಾರು, ಎಷ್ಟು, ಯಾವಾಗ ಅನ್ನೋದನ್ನ ತಾನ ಠರಾಯಿಸಿಕೊಂಡಿದ್ಲು.

ಆದ್ರ ಈ ಕಥಿ ಹೇಳೋರು ಒಂದ ಮಾತು ಬಿಡತಾರ. ಎಮಿಲಿ ಮ್ಯಾಲೆ ಬರೀತಿದ್ದಾಗ ಕೆಳಗ ಬಾಗಲಾ ತಗಿಯೋರು ಯಾರು? ತಂಗಿ ಲವಿನಿಯಾ. ಮನ್ಯಾಗ ವಿನ್ನಿ ಅಂತಿದ್ರು. ಬಂದವರಿಗೆ ಕೂಡರಿ ಅನ್ನೋದು, ಅಕ್ಕ ಇಳದು ಬರೂದಿಲ್ಲಂತ ಹೇಳೋದು, ಪ್ಯಾಟಿ ವ್ಯವಹಾರ, ಎಲ್ಲಾ ಅಕೀದ. ಅಡಗಿಮನ್ಯಾಗ 1869ರಿಂದ ಐರ್ಲೆಂಡಿನ ಮಾರ್ಗರೆಟ್ ಮ್ಯಾಹರ್ ಇದ್ಲು. ಖರ್ಚಿಗೆ ಅಪ್ಪನ ರೊಕ್ಕ ಇತ್ತು. ನಮ್ಮ ಮನಿಗಳೊಳಗೂ ಒಬ್ಬಾಕಿ ಸುಮ್ಮನ ಕೂತು ಓದಬೇಕಂದ್ರ ಇನ್ನೊಬ್ಬಾಕಿ ಎದ್ದು ಚಹಾಕ್ಕ ಇಡಬೇಕಾಗತದ. ಇದನ್ನ ಓದೋ ನನ್ನ ಸಣ್ಣ ತಂಗಿ ಈಗ ನಗಲಿಕ್ಕ ಹತ್ತಿರತಾಳ.

1886ರಾಗ, 55ನೇ ವಯಸ್ಸಿನ್ಯಾಗ ಎಮಿಲಿ ತೀರಿಕೊಂಡ್ಲು. ಮುಂಬಾಗಲಿಂದ ಒಯ್ಯಬ್ಯಾಡ್ರಿ ಅಂದಿದ್ಲಂತ, ಮನಿಗೆ ದುಡದ ಆರು ಐರಿಶ್ ಆಳುಗಳು ಹಿತ್ತಲ ಬಾಗಲದಿಂದ ಹೊತ್ತುಕೊಂಡು ಹೋದ್ರು. ಅಕ್ಕ ಹೇಳಿದ್ಹಂಗ ಲವಿನಿಯಾ ಅಕಿಗೆ ಬಂದ ಪತ್ರಾ ಎಲ್ಲಾ ಸುಟ್ಲು. ಹಂಗ ಸಾಮಾನು ತಗೀತಿರಬೇಕಾದ್ರ ಸೂಜಿ-ದಾರದಿಂದ ಹೊಲದ 40 ಸಣ್ಣ ಪುಸ್ತಕ, ಮತ್ತ ರಾಶಿ ಬಿಡಿ ಹಾಳಿ ಸಿಕ್ಕುವು. ಒಟ್ಟ ಲೆಕ್ಕಾ ಹಾಕಿದ್ರ ಹತ್ತತ್ರ 1800 ಕವಿತಾ. ಜೀವ ಇದ್ದಾಗ ಅಚ್ಚಾಗಿದ್ದು ಹತ್ತೋ ಹನ್ನೊಂದೋ, ಅವೂ ಹೆಸರಿಲ್ಲದ. ಇವನ್ನ ಸುಡ್ರಿ ಅಂತ ಅಕ್ಕ ಹೇಳಿರಲಿಲ್ಲ. ಲವಿನಿಯಾ ಮೊದಲ ವೈನಿಗೆ ಕೊಟ್ಲು. ಅಲ್ಲೆ ತಡ ಆತಂತ ಇನ್ನೊಬ್ಬರ ಮನಿಗೆ ಹೊತ್ತುಕೊಂಡು ಹೋದ್ಲು, ಬೆನ್ನ ಹತ್ತಿ ಬೆನ್ನ ಹತ್ತಿ 1890ರಾಗ ಮೊದಲನೇ ಪುಸ್ತಕ ಮಾಡಿಸಿದ್ಲು.

ಅಕಿ ಲಗ್ನಾ ಮಾಡಿಕೊಳ್ಳಲಿಲ್ಲ. 1899ರ ತನಕ ಅದ ಮನ್ಯಾಗ, ಬೆಕ್ಕುಗಳ ಜೋಡಿ ಇದ್ಲು. ಬಾಗಲಾ ತಗಿಯೋ ಕೆಲಸ ಕಡೀ ತನಕ ಅಕೀದ.