'ಹಾಲು ಜೇನು'ವಿನಿಂದ ಕಾಲಯಂತ್ರದವರೆಗೆ



ಈ ಸಲದ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಮಹಾಪೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಎಂಐಡಿಸಿಯ ಕಂಪನಿಯೊಂದರಲ್ಲಿ ಅವನಿಗೆ ರಾತ್ರಿ ಪಾಳಿ. "ಅಣ್ಣಾ, ಇಂಗ್ಲಿಷಿನವರು ಟೈಮ್ ಮಷಿನ್, ರೋಬೋಟ್ ಅಂತ ಎಷ್ಟೊಂದು ಪಿಕ್ಚರ್ ಮಾಡ್ತಾರೆ. ನಮ್ಮಲ್ಲಿ ಅಂಥ ಡೈರೆಕ್ಟರ್ ಯಾರೂ ಇಲ್ವಾ?" ಎಂದು ಕೇಳಿದ. ನಾನು ಹಿಂದೆ ಮುಂದೆ ನೋಡದೆ, "ಇಲ್ಲಪ್ಪಾ, ನಮ್ಮದೇನಿದ್ದರೂ ಮನೆ, ಸಂಸಾರ, ಕಣ್ಣೀರಿನ ಕಥೆ" ಎಂದು ನಕ್ಕು, 'ಹಾಲು ಜೇನು' ಚಿತ್ರದ ಹಾಡೊಂದನ್ನು ಹಾಕಿಬಿಟ್ಟೆ.

ಹಾಡು ಮುಗಿಯುವ ಮೊದಲೇ ಡೊಂಬಿವಲಿಯಿಂದ ಇನ್ನೊಂದು ಫೋನ್. ಮಾತಿನಲ್ಲೇ ಗೊತ್ತಾಯಿತು, ಧಾರವಾಡದ ಕಡೆಯ ಹಿರಿಯರು. "ತಮ್ಮಾ, ಅಂಥವರು ಯಾರೂ ಇಲ್ಲ ಅಂದಿ. ಅಂದವನs ಅವರದs ಪಿಕ್ಚರಿನ ಹಾಡ ಹಾಕೀದಿಯಲ್ಲೋ!"

ನಾನು ತಬ್ಬಿಬ್ಬಾದೆ. ಎಷ್ಟೋ ವರ್ಷಗಳಿಂದ ಆ ಹಾಡುಗಳನ್ನು ಹಾಕುತ್ತಾ ಬಂದಿದ್ದೇನೆ. ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ಎಲ್ಲರ ಹೆಸರೂ ಬಾಯಿಗೆ ಬರುತ್ತದೆ. ನಿರ್ದೇಶಕರ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಆ ಹೆಸರು ಸಿಂಗೀತಂ ಶ್ರೀನಿವಾಸರಾವ್. ಭಾರತದ ಮೊದಲ ಕಾಲಯಾನದ ಚಿತ್ರವೆಂದು ಹೆಸರಾದ 'ಆದಿತ್ಯ 369' ತೆಗೆದವರೂ ಅವರೇ.

ಸಿಂಗೀತಂ ಹುಟ್ಟಿದ್ದು 1931ರ ಸೆಪ್ಟೆಂಬರ್ 21ರಂದು, ನೆಲ್ಲೂರು ಜಿಲ್ಲೆಯ ಉದಯಗಿರಿಯಲ್ಲಿ. ಮನೆಮಾತು ತೆಲುಗು. ಚಿತ್ರರಂಗದಲ್ಲಿ ಅವರಿಗೆ ಗುರು ಕೆ.ವಿ. ರೆಡ್ಡಿ. 1957ರ 'ಮಾಯಾಬಜಾರ್' ತಯಾರಾದಾಗ ಸಿಂಗೀತಂ ಅವರ ಕೈಕೆಳಗೆ ಸಹಾಯಕರಾಗಿದ್ದರು.

ಆ ಚಿತ್ರ ನೋಡಿದವರಿಗೆ 'ಪ್ರಿಯದರ್ಶಿನಿ' ಎಂಬ ಪೆಟ್ಟಿಗೆ ನೆನಪಿರಬೇಕು. ಮುಚ್ಚಳ ತೆರೆದು ನೋಡಿದರೆ ಮನಸ್ಸಿಗೆ ಪ್ರಿಯರಾದವರು ಕಾಣಿಸುತ್ತಾರೆ. ಶಶಿರೇಖೆ ಅದರಲ್ಲಿ ಅಭಿಮನ್ಯುವನ್ನು ಕಾಣುತ್ತಾಳೆ. ದೆಹಲಿಯಲ್ಲಿ ಟಿ.ವಿ. ಪ್ರಸಾರ ಪ್ರಯೋಗವಾಗಿ ಶುರುವಾದದ್ದು 1959ರಲ್ಲಿ, ಮುಂಬಯಿಗೆ ದೂರದರ್ಶನ ಬಂದದ್ದು 1972ರಲ್ಲಿ. ಟಿ.ವಿ. ಎಂದರೇನೆಂದು ನಮ್ಮ ಜನಕ್ಕೆ ಗೊತ್ತಿಲ್ಲದ ಕಾಲದಲ್ಲೇ ಪುರಾಣದ ಕಥೆಯೊಳಗೆ ಇವತ್ತಿನ ವಿಡಿಯೋ ಕಾಲ್ ಬಂದು ಕೂತಿತ್ತು! ಸಿಂಗೀತಂ ಅವರ ವಿಜ್ಞಾನ ಕಥೆಯ ಬೇರು ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಯಂತ್ರ ಎಷ್ಟೇ ವಿಚಿತ್ರವಾಗಿರಲಿ, ಅದನ್ನು ಬಳಸುವವರ ಆಸೆ ಮಾತ್ರ ನಮ್ಮದೇ ಆಗಿರಬೇಕು.

ಅವರು ಕನ್ನಡಕ್ಕೆ ಬಂದ ದಾರಿಯೂ ಸ್ವಾರಸ್ಯದ್ದು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1970ರಲ್ಲಿ ಚಿತ್ರವಾಯಿತಲ್ಲ, ಅದನ್ನು ನಿರ್ದೇಶಿಸಿದವರು ಪಟ್ಟಾಭಿರಾಮ ರೆಡ್ಡಿ. ಅವರು ತೆಲುಗಿನ ಕವಿ, ನೆಲ್ಲೂರಿನ ಕಡೆಯವರೇ. ಸಹ ನಿರ್ದೇಶಕರಾಗಿ ಜೊತೆಗಿದ್ದವರು ಸಿಂಗೀತಂ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಪ್ರಾಣೇಶಾಚಾರ್ಯನ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಹುಟ್ಟಿದ್ದು ನಮಗೆ ಹತ್ತಿರದ ಮಾಥೇರಾನಿನಲ್ಲಿ. ಸೆನ್ಸಾರಿನವರು ತಡೆದರೂ ಕೊನೆಗೆ ಬಿಡುಗಡೆಯಾಗಿ, ಆ ಚಿತ್ರ ದೇಶದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಗೆದ್ದಿತು. ಕನ್ನಡದ ಹೊಸ ಅಲೆಯ ಮೊದಲ ಚಿತ್ರವನ್ನು ಕಟ್ಟಿದವರಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು, ನೀವೇ ಹೇಳಿ.

1972ರಲ್ಲಿ 'ನೀತಿ ನಿಜಾಯಿತಿ' ಎಂಬ ತೆಲುಗು ಚಿತ್ರದಿಂದ ಸಿಂಗೀತಂ ಸ್ವತಂತ್ರ ನಿರ್ದೇಶಕರಾದರು. ರಾಜಾಜಿಯವರ ಕಥೆಯಿಂದ ತೆಗೆದ ತಮಿಳಿನ 'ದಿಕ್ಕಟ್ರ ಪಾರ್ವತಿ' ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಆದರೆ ಕನ್ನಡಿಗರ ಮನೆಮನೆಗೆ ಅವರು ಬಂದದ್ದು ಡಾ. ರಾಜ್‌ಕುಮಾರ್ ಮೂಲಕ. 1982ರಲ್ಲಿ 'ಹಾಲು ಜೇನು' ಮತ್ತು 'ಚಲಿಸುವ ಮೋಡಗಳು', 1983ರಲ್ಲಿ 'ಎರಡು ನಕ್ಷತ್ರಗಳು', 1984ರಲ್ಲಿ 'ಶ್ರಾವಣ ಬಂತು', 1985ರಲ್ಲಿ 'ಜ್ವಾಲಾಮುಖಿ', ಹೀಗೆ ಸಾಲುಸಾಲಾಗಿ. 'ಭಾಗ್ಯದ ಲಕ್ಷ್ಮೀ ಬಾರಮ್ಮ'ಕ್ಕೆ ಸಂಗೀತವನ್ನೂ ತಾವೇ ಕೊಟ್ಟರು. ಮುಂದೆ ಪುನೀತ್ ರಾಜ್‌ಕುಮಾರ್ ಆಗಿ ಬೆಳೆದ ಬಾಲಕ ಲೋಹಿತ್ 'ಎರಡು ನಕ್ಷತ್ರಗಳು' ಚಿತ್ರದಲ್ಲಿ ಅಪ್ಪನ ಜೊತೆ ಪೈಪೋಟಿಗೆ ಬಿದ್ದವನಂತೆ ನಟಿಸಿದ್ದನ್ನು ಯಾರು ಮರೆತಾರು? 1986ರ 'ಆನಂದ್' ಚಿತ್ರದಲ್ಲಿ ಶಿವರಾಜ್‌ಕುಮಾರ್ ಅವರನ್ನು ನಾಯಕನಾಗಿ ತೆರೆಗೆ ತಂದವರೂ ಇವರೇ.

ಆಮೇಲೆ 1987ರ 'ಪುಷ್ಪಕ ವಿಮಾನ'. ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಮಾತೇ ಇಲ್ಲ. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಸಿಂಗೀತಂ ಅವರ ಜೊತೆ ನಿರ್ಮಾಪಕರಾಗಿ ನಿಂತವರು ನಮ್ಮ ಶೃಂಗಾರ್ ನಾಗರಾಜ್, ಛಾಯಾಗ್ರಹಣ ಬಿ.ಸಿ. ಗೌರಿಶಂಕರ್ ಅವರದು. ಕೆಲಸವಿಲ್ಲದ ಬಡ ಯುವಕನೊಬ್ಬ, ಕುಡಿದು ಬಿದ್ದ ಶ್ರೀಮಂತನನ್ನು ಬಚ್ಚಿಟ್ಟು, ಅವನ ಹೆಸರಿನಲ್ಲಿ ದೊಡ್ಡ ಹೋಟೆಲಿನಲ್ಲಿ ತಂಗುವ ಕಥೆ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಯುವಕನ ಹಳೆಯ ಕೋಣೆ ಇದ್ದದ್ದು ಸಿನಿಮಾ ಥಿಯೇಟರಿನ ಪಕ್ಕದಲ್ಲಿ. ಆ ಗದ್ದಲಕ್ಕೆ ಒಗ್ಗಿಹೋದವನಿಗೆ ಹೋಟೆಲಿನ ಮೆತ್ತನೆಯ ಹಾಸಿಗೆಯ ಮೇಲೆ ನಿದ್ದೆ ಬಾರದು. ಹಳೆಯ ಕೋಣೆಗೆ ಹೋಗಿ ಆ ಗದ್ದಲವನ್ನೇ ಟೇಪಿಗೆ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಲೋಕಲ್ ಟ್ರೇನಿನ ಸದ್ದಿಲ್ಲದೆ ಊರಿನಲ್ಲಿ ನಿದ್ದೆ ಬರುವುದಿಲ್ಲ ಎನ್ನುವ ನಮ್ಮ ಕಲ್ಯಾಣ, ಠಾಣೆಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತನ್ನೇ ನಂಬಿ ಅನ್ನ ತಿನ್ನುವ ನನ್ನಂಥವನಿಗಂತೂ ಆ ಚಿತ್ರ ಒಂದು ಪಾಠ.

ಈಗ 'ಆದಿತ್ಯ 369'ಕ್ಕೆ ಬರೋಣ. ವಿಜ್ಞಾನದ ಕಲ್ಪನೆ ನಮ್ಮ ದೇಶದ ತೆರೆಗೆ ಹೊಸದಾಗಿರಲಿಲ್ಲ. 1963ರ ತಮಿಳಿನ 'ಕಲೈ ಅರಸಿ'ಯಲ್ಲಿ ಬೇರೆ ಲೋಕದವರು ಭೂಮಿಗೆ ಇಳಿದಿದ್ದರು. ಆದರೆ ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆ? ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ 'ದಿ ಟೈಮ್ ಮಷಿನ್' ಸಿಂಗೀತಂ ಅವರಿಗೆ ಪ್ರೇರಣೆ. ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಈ ಕಥೆಯನ್ನು ಮೆಚ್ಚಿ ಬೆನ್ನಿಗೆ ನಿಂತರು. ಶಿವಲೆಂಕ ಕೃಷ್ಣಪ್ರಸಾದ್ ನಿರ್ಮಾಪಕರು, ಇಳಯರಾಜಾ ಸಂಗೀತ, ಬಾಲಕೃಷ್ಣ ನಾಯಕ. 1991ರ ಜುಲೈ 18ರಂದು ತೆಲುಗಿನಲ್ಲಿ ತೆರೆಗೆ ಬಂತು.

ವೆಲ್ಸ್ ಅವರ ಪ್ರಯಾಣಿಕ ಹೋಗುವುದು ಭವಿಷ್ಯಕ್ಕೆ ಮಾತ್ರ. ಸಿಂಗೀತಂ ತಮ್ಮ ಯಂತ್ರವನ್ನು ಮೊದಲು ಹಿಂದಕ್ಕೆ ತಿರುಗಿಸಿದರು. ಎಲ್ಲಿಗೆ? ವಿಜಯನಗರಕ್ಕೆ, 1526ಕ್ಕೆ! ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅಂದರೆ ರಾಯನ ಕೊನೆಯ ವರ್ಷಗಳು. ಆಮೇಲೆ ನಾಲ್ಕು ದಶಕದೊಳಗೆ, 1565ರಲ್ಲಿ, ಆ ನಗರ ಹಾಳಾಗುತ್ತದೆ. ಅದು ನೋಡುವ ನಮಗೆ ಗೊತ್ತು, ಆಸ್ಥಾನದಲ್ಲಿ ಕುಳಿತವರಿಗೆ ಗೊತ್ತಿಲ್ಲ. ಅಲ್ಲಿಂದ ಯಂತ್ರ ನೇರ 2504ಕ್ಕೆ ಜಿಗಿಯುತ್ತದೆ. ಮೂರನೆಯ ಮಹಾಯುದ್ಧ ಮುಗಿದು, ವಿಕಿರಣಕ್ಕೆ ಹೆದರಿ ಜನ ನೆಲದಡಿಯಲ್ಲಿ ಬದುಕುತ್ತಿರುತ್ತಾರೆ. ಕಂಪ್ಯೂಟರ್ ಗ್ರಾಫಿಕ್ಸ್ ಕೈಗೆ ಸುಲಭವಾಗಿ ಸಿಗದ ಕಾಲದಲ್ಲಿ ಇದನ್ನೆಲ್ಲ ಸೆಟ್ಟು, ಬೆಳಕು, ಕ್ಯಾಮೆರಾ ಕೈಚಳಕದಿಂದಲೇ ಮಾಡಬೇಕಿತ್ತು. ಒಂದು ತುದಿಯಲ್ಲಿ ಹಾಳಾಗಲಿರುವ ವೈಭವ, ಇನ್ನೊಂದು ತುದಿಯಲ್ಲಿ ಆಗಲೇ ಹಾಳಾದ ಭೂಮಿ. ಮಕ್ಕಳಿಗೆ ಅದು ಮೋಜು, ದೊಡ್ಡವರಿಗೆ ಎಚ್ಚರಿಕೆ.

ನನಗೆ ಚುಚ್ಚುವುದು ಇದೇ. ಕಾಲಯಂತ್ರ ಬಂದಿಳಿದದ್ದು ತುಂಗಭದ್ರೆಯ ದಡಕ್ಕೆ. ಅದನ್ನು ನಡೆಸಿದವರು ಹತ್ತು ವರ್ಷ ಕನ್ನಡದಲ್ಲಿ ದುಡಿದವರು. 1970ರಲ್ಲೇ ಬಿ.ಆರ್. ಪಂತುಲು ರಾಜ್‌ಕುಮಾರ್ ಅವರಿಂದ ಕೃಷ್ಣದೇವರಾಯನ ಪಾತ್ರ ಮಾಡಿಸಿದ್ದರು. ವಿಜ್ಞಾನ ಕಥೆ ಬರೆಯುವ ರಾಜಶೇಖರ ಭೂಸನೂರಮಠರಂಥವರೂ ನಮ್ಮಲ್ಲಿದ್ದರು. ರಾಯನಿದ್ದ, ಕಥೆಗಾರರಿದ್ದರು, ನಿರ್ದೇಶಕರೂ ಇದ್ದರು. ಆದರೂ ಆ ಚಿತ್ರ ಕನ್ನಡದಲ್ಲಿ ಹುಟ್ಟಲಿಲ್ಲ. ನಾವು ಅವರಿಂದ ಸಂಸಾರದ ಕಥೆಗಳನ್ನೇ ಕೇಳಿದೆವು, ಅವರು ಚೆನ್ನಾಗಿಯೇ ಕೊಟ್ಟರು. ನಾನು ಫೋನಿನಲ್ಲಿ ನಕ್ಕು ಹೇಳಿದ ಮಾತು ಅದೇ ಅಲ್ಲವೇ?

ಹಾಗೆಂದು ಕನ್ನಡ ಸುಮ್ಮನೆ ಕೂತಿಲ್ಲ. 2002ರಲ್ಲಿ ದಿನೇಶ್ ಬಾಬು ನಿರ್ದೇಶನದ 'ಹಾಲಿವುಡ್' ಚಿತ್ರದಲ್ಲಿ ಉಪೇಂದ್ರ ರೋಬೋಟ್ ಆಗಿ ಬಂದರು, ರಜನಿಕಾಂತ್ ಅವರ 'ಎಂದಿರನ್'ಗಿಂತ ಎಂಟು ವರ್ಷ ಮೊದಲು. 2010ರ 'ಸೂಪರ್', 2024ರ 'ಯುಐ' ಚಿತ್ರಗಳಲ್ಲಿ ಉಪೇಂದ್ರ ತಾವೇ ನಿರ್ದೇಶಕರಾಗಿ ನಾಳಿನ ದಿನಗಳನ್ನು ಕಲ್ಪಿಸಿದರು.

ಸಿಂಗೀತಂ ಕೂಡ ನಿಲ್ಲಲಿಲ್ಲ. 2005ರಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, ನಮ್ಮ ಈ ಊರಿನ ಹೆಸರು ಹೊತ್ತ 'ಮುಂಬೈ ಎಕ್ಸ್‌ಪ್ರೆಸ್' ಚಿತ್ರವನ್ನು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದರು. 2024ರ 'ಕಲ್ಕಿ 2898 ಎಡಿ' ಚಿತ್ರಕ್ಕೆ ನಿರ್ದೇಶಕ ನಾಗ್ ಅಶ್ವಿನ್ ಅವರನ್ನೇ ಮಾರ್ಗದರ್ಶಕರನ್ನಾಗಿ ಕರೆದುಕೊಂಡರು. ಆಗ ಅವರಿಗೆ ತೊಂಬತ್ತೆರಡು. 2025ರ ಏಪ್ರಿಲ್‌ನಲ್ಲಿ 'ಆದಿತ್ಯ 369' ಹೊಸ ಹೊಳಪಿನೊಂದಿಗೆ ಮತ್ತೆ ಥಿಯೇಟರಿಗೆ ಬಂತು.

ಮಹಾಪೆಯ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ತಪ್ಪಾಗಿತ್ತು. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ಕಂಪನಿಯಲ್ಲಿ ಹಿಂದಿ, ಇಂಗ್ಲಿಷ್ ಎಂದು ಬದುಕುವ ನಮಗೆ, ತೆಲುಗು ಮಾತಾಡುತ್ತಾ ಕನ್ನಡಕ್ಕೆ ದುಡಿದವರನ್ನು ನಮ್ಮವರೆನ್ನಲು ಸಂಕೋಚ ಯಾಕೆ? ಡೊಂಬಿವಲಿಯ ಅಜ್ಜಾರಿಗೆ ಕೈಮುಗಿದು ಹೇಳುತ್ತೇನೆ: ಇನ್ನು ಮುಂದೆ 'ಹಾಲು ಜೇನು' ಹಾಡು ಹಾಕಿದಾಗಲೆಲ್ಲ ನಿರ್ದೇಶಕರ ಹೆಸರನ್ನೂ ಹೇಳುತ್ತೇನೆ. ಮರೆತರೆ ಮತ್ತೆ ಫೋನ್ ಮಾಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ಕೇಳುತ್ತಾ ಇರಿ.