ಹೇಂಟೆಯ ಲೆಕ್ಕ, ಪೆಟ್ಟಿಗೆಯ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳ ಊರಕೋಳಿ ಒಂದೊಂದೇ ಮೊಟ್ಟೆಯಿಟ್ಟು, ಹತ್ತು ಹನ್ನೆರಡು ಸೇರಿದ ಮೇಲಷ್ಟೇ ಕಾವಿಗೆ ಕೂರುತ್ತದೆ. ಅದಕ್ಕೇ ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳೂ 21ನೆಯ ದಿನದ ಹೊತ್ತಿಗೆ ಒಟ್ಟಿಗೆ ಒಡೆಯುತ್ತವೆ.

ಹೇಂಟೆಯಿಲ್ಲದೆ ಕಾವು ಕೊಡುವ ವಿದ್ಯೆ ಹಳೆಯದು. ಈಜಿಪ್ಟಿನವರು ಇಟ್ಟಿಗೆಯ ಗೂಡುಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಮರಿ ಮಾಡಿಸಿದರು. ಫ್ರಾನ್ಸಿನ ರೆಯೊಮ್ಯೂರ್ ಗೊಬ್ಬರದ ಬಿಸಿಯನ್ನು ಬಳಸಿ, 1749ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಚೀನಾದವರು ಬಲಿತ ಬಾತುಮೊಟ್ಟೆಗಳ ಶಾಖದಲ್ಲೇ ಹೊಸ ಮೊಟ್ಟೆಗಳನ್ನು ಬೆಚ್ಚಗಿಟ್ಟರು; ಆದರೆ ಒಡೆಯುವ ಮೊದಲು ಬಲಿತವನ್ನು ಬೇರೆ ಹಾಸಿಗೆಗೆ ಸಾಗಿಸಿದರು.

ಇಂದಿನ ಮನೆಯ ಇನ್‌ಕ್ಯುಬೇಟರಿಗೆ ಬೇಕಾಗಿರುವುದು ಈ ಕೊನೆಯ ಪಾಠ. ಮೊದಲ 18 ದಿನ ಮೊಟ್ಟೆ ಹೊರಳಿಸಬೇಕು. ಆಮೇಲೆ ಹೊರಳಿಸಬಾರದು, ತೇವ ಹೆಚ್ಚಿರಬೇಕು. ಸಿಕ್ಕಸಿಕ್ಕ ದಿನ ಮೊಟ್ಟೆ ಸೇರಿಸಿದವರು ಹೊಸದನ್ನು ಹೊರಳಿಸಲು ಮುಚ್ಚಳ ತೆರೆದರೆ, ಹೊರಬರುತ್ತಿರುವ ಮರಿ ಪೊರೆ ಒಣಗಿ ಚಿಪ್ಪಿನೊಳಗೇ ಸಾಯಬಹುದು. ಆದ್ದರಿಂದ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು, 18ನೆಯ ದಿನ ಇನ್ನೊಂದು ಪೆಟ್ಟಿಗೆಗೆ ಹಾಕಬೇಕು.

ಒಂದೇ ಪೆಟ್ಟಿಗೆ ಇದ್ದವರಿಗೆ ಹೇಂಟೆಯೇ ಗುರು: ವಾರದ ಮೊಟ್ಟೆ ಕೂಡಿಟ್ಟು ಒಂದೇ ದಿನ ಇಡುವುದು. ಕೂಡಿಡುವ ಜಾಗ ಮಾತ್ರ ತಂಪಾಗಿರಬೇಕು. ಕರಾವಳಿಯ ಬೇಸಿಗೆಯ ಸೆಕೆಗೆ ಮೊಟ್ಟೆಯೊಳಗಿನ ಜೀವ ಮೊದಲೇ ಎಚ್ಚರಗೊಳ್ಳುತ್ತದೆ.