ಮನುಕುಲದ ಆಯುಸ್ಸಿನ ಲೆಕ್ಕ

ಇಗರ್ಜಿಯಲ್ಲಿ ಸಾವಿನ ಗಂಟೆ ಬಾರಿಸಿತೆಂದರೆ, ಅಥವಾ ಸಮಾಧಿ ತೋಡುವವನಿಗೆ ಹೇಳಿಕಳುಹಿಸಿದರೆಂದರೆ, ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಆ ಮನೆಯ ಬಾಗಿಲಿಗೆ ಮುದುಕಿಯರು ಬಂದು ನಿಲ್ಲುತ್ತಿದ್ದರು. ಪ್ರಮಾಣ ಮಾಡಿಸಿ ನೇಮಿಸಿದ ಈ ಬಡ ವೃದ್ಧೆಯರ ಕೆಲಸವೆಂದರೆ ಹೆಣವನ್ನು ಕಣ್ಣಾರೆ ಕಂಡು, ಮನೆಯವರನ್ನು ಎರಡು ಮಾತು ಕೇಳಿ, ಸತ್ತದ್ದು ಯಾವ ರೋಗದಿಂದ ಎಂದು ನಿಶ್ಚಯಿಸಿ ಇಗರ್ಜಿಯ ಗುಮಾಸ್ತನಿಗೆ ವರದಿ ಒಪ್ಪಿಸುವುದು. ಮಂಗಳವಾರ ರಾತ್ರಿ ಗುಮಾಸ್ತರ ಲೆಕ್ಕಗಳೆಲ್ಲ ಒಂದೆಡೆ ಸೇರುವುವು, ಬುಧವಾರ ಮುದ್ರಣ, ಗುರುವಾರ, ವರ್ಷಕ್ಕೆ ನಾಲ್ಕು ಷಿಲ್ಲಿಂಗು ಚಂದಾ ತೆತ್ತವರ ಮನೆಗಳಿಗೆ ಆ ವಾರದ ಮರಣಪಟ್ಟಿ ತಲಪುವುದು. ಪ್ಲೇಗು ಏರುತ್ತಿದೆಯೆ ಇಳಿಯುತ್ತಿದೆಯೆ ಎಂದು ನೋಡಿ, ಊರು ಬಿಡಬೇಕೆ ಬೇಡವೆ ಎಂಬುದನ್ನು ಧನಿಕರು ನಿರ್ಧರಿಸಿಕೊಳ್ಳುವುದಕ್ಕೆ ಈ ಹಾಳೆ ಒದಗುತ್ತಿದ್ದಿತು. ಮಿಕ್ಕವರಿಗೆ ಅದು ಆ ವಾರದ ಹರಟೆಗೆ ವಸ್ತು. ಮಾನವಕುಲ ಇನ್ನೆಷ್ಟು ಕಾಲ ಬಾಳೀತು ಎಂಬ ಪ್ರಶ್ನೆಗೆ ಸಂಭವನೀಯತೆಯ ಗಣಿತದಿಂದ ಉತ್ತರ ಹುಡುಕುವ ವಿದ್ಯೆಯೊಂದು ನಮ್ಮ ಕಾಲದಲ್ಲಿ ಬೆಳೆದಿದೆಯಷ್ಟೆ. ಅದರ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ಬಂದು ನಿಲ್ಲುವುದು ಈ ಮುದುಕಿಯರ ಬಳಿಗೆ.

ಎಲ್ಲರೂ ಓದಿ ಎಸೆಯುತ್ತಿದ್ದ ಆ ಹಾಳೆಗಳನ್ನು ಕೂಡಿಟ್ಟು, ಕೂಡಿಸಿ, ಕಳೆದು, ಭಾಗಿಸಿ ನೋಡಿದವನು ಜಾನ್ ಗ್ರಾಂಟ್ ಎಂಬ ದಾರ ಬಟನ್ನುಗಳ ವ್ಯಾಪಾರಿ. ಅಂಗಡಿಯ ಖಾತೆಯನ್ನು ಓದುವ ಕಣ್ಣಿನಿಂದಲೇ ಆತ ಮೃತ್ಯುವಿನ ಖಾತೆಯನ್ನೂ ಓದಿದನೆಂದು ತೋರುತ್ತದೆ. ಏಕೆಂದರೆ, 1662ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿ ಮೊದಲು ಎದ್ದುಕಾಣುವುದು ಅಂಕಿಗಳ ಮೇಲಿನ ಭಕ್ತಿಯಲ್ಲ, ಸಂಶಯ. ಒಂದು ಬಟ್ಟಲು ಏಲ್ ಮದ್ಯವನ್ನೂ ವಾಡಿಕೆಯ ಕೂಲಿಯ ಇಮ್ಮಡಿಯನ್ನೂ ಪಡೆದ ಮುದುಕಿಯರಿಗೆ, ಸತ್ತವನ ಮೈ ಸೊರಗಿದ್ದು ಕ್ಷಯದಿಂದಲೋ ಪರಂಗಿ ರೋಗದಿಂದಲೋ ಎಂಬ ಭೇದ ತಿಳಿಯದೆ ಹೋಗುತ್ತದೆಂದು ಆತ ಬರೆಯುತ್ತಾನೆ. ಪಟ್ಟಿಗಳಲ್ಲಿ ಸತ್ತವರ ವಯಸ್ಸೂ ಇರಲಿಲ್ಲ. ಆದರೂ, ಎಳೆಯ ಮಕ್ಕಳಿಗೇ ತಗಲುವ ರೋಗಗಳನ್ನು ಒಂದು ಕಡೆಗೂ ಮುಪ್ಪಿನ ಸಾವನ್ನು ಇನ್ನೊಂದು ಕಡೆಗೂ ಇರಿಸಿಕೊಂಡು, ನಡುವಣ ತೆರಪನ್ನು ಊಹೆಯಿಂದ ತುಂಬಿ, ಹುಟ್ಟಿದ ನೂರು ಮಂದಿಯಲ್ಲಿ ಆರನೆಯ ವಯಸ್ಸನ್ನು ಕಾಣುವವರು 64, ಹದಿನಾರನ್ನು 40, ಇಪ್ಪತ್ತಾರನ್ನು 25, ಮೂವತ್ತಾರನ್ನು 16, ನಲವತ್ತಾರನ್ನು 10, ಐವತ್ತಾರನ್ನು 6, ಅರವತ್ತಾರನ್ನು 3, ಎಪ್ಪತ್ತಾರನ್ನು ಒಬ್ಬನೇ ಒಬ್ಬ ಎಂದು ಆತ ಇಳಿಜಾರಿನ ಮೆಟ್ಟಿಲುಗಳಂತೆ ಜೋಡಿಸಿಟ್ಟನು. ಇದರಲ್ಲಿ ಅರ್ಧಕ್ಕರ್ಧ ಊಹೆ, ನಿಜ. ಆದರೆ ಅದುವರೆಗೆ ದೈವಾಯತ್ತವೆಂದು ಕೈಬಿಟ್ಟಿದ್ದ ಆಯುಸ್ಸಿಗೆ ಗುಂಪಿನಲ್ಲಿ ಒಂದು ಕ್ರಮವುಂಟೆಂಬುದು ಈ ಎಂಟು ಅಂಕಿಗಳಿಂದ ಕಣ್ಣಿಗೆ ಬಿದ್ದಿತು. ಎರಡನೆಯ ಚಾರ್ಲ್ಸ್ ದೊರೆ ಆತನನ್ನು ರಾಯಲ್ ಸೊಸೈಟಿಗೆ ಸೇರಿಸಿಕೊಳ್ಳುವಂತೆ ಶಿಫಾರಸು ಮಾಡಿ, ಇಂತಹ ಅಂಗಡಿಕಾರರು ಇನ್ನಾರಾದರೂ ಸಿಕ್ಕಿದರೆ ತಡಮಾಡದೆ ಅವರನ್ನೂ ಸೇರಿಸಿಕೊಳ್ಳಿರೆಂದನಂತೆ.

ಇದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಸಾಮಾನ್ಯವಾಗಿ ಯಾರೂ ಅದನ್ನು ನೆನೆಯುವುದಿಲ್ಲ. ಆದಮ ಮತ್ತು ಹವ್ವೆಯರ ಸಂತಾನ 64 ವರ್ಷಗಳಿಗೊಮ್ಮೆ ಇಮ್ಮಡಿಸಿದರೆ, ಬೈಬಲಿನ ಪ್ರಕಾರ ಅಂದಿಗೆ 5,610 ವರ್ಷ ವಯಸ್ಸಾಗಿದ್ದ ಲೋಕದಲ್ಲಿ ಈಗಿರುವುದಕ್ಕಿಂತ ಎಷ್ಟೋ ಹೆಚ್ಚು ಜನ ಇರಬೇಕಾಗಿದ್ದಿತೆಂದೂ, ಆದ್ದರಿಂದ ಲೋಕ ಅದಕ್ಕಿಂತ ಹಳೆಯದಾಗಿರಲಾರದೆಂದೂ ಗ್ರಾಂಟ್ ತರ್ಕಿಸಿದನು. ಫಲಿತಾಂಶ ಹುಸಿ. ಆದರೆ ಇದುವರೆಗೆ ಹುಟ್ಟಿದ ಜನರ ಎಣಿಕೆಯಿಂದ ಲೋಕದ ಕಾಲಮಾನವನ್ನು ಹಿಡಿಯಬಹುದೆಂಬ ಹಂಬಲ ಇಲ್ಲಿಯೇ ಮೊಳೆತಿದೆ.

ಆಮೇಲಿನ ಮೂವತ್ತು ವರ್ಷಗಳಲ್ಲಿ ಈ ವಿದ್ಯೆ ವ್ಯಾಪಾರಿಯ ಕೈಯಿಂದ ಜ್ಯೋತಿರ್ವಿದನ ಕೈಗೆ ಬಂದಿತು. 49 ಮತ್ತು 63ನೆಯ ವಯಸ್ಸುಗಳು ಗಂಡಾಂತರದವೆಂಬ ನಂಬಿಕೆಯನ್ನು ಮುರಿಯಬೇಕೆಂದು ಬ್ರೆಸ್ಲಾವ್ ಪಟ್ಟಣದ ಪಾದ್ರಿ ಕಾಸ್ಪರ್ ನಾಯ್ಮನ್ ಅಲ್ಲಿನ ಜನನ ಮರಣಗಳನ್ನು ವಯಸ್ಸಿನ ಸಮೇತ ಕೂಡಿಟ್ಟಿದ್ದನು. ಆ ಕಾಗದಗಳು ಲಂಡನ್ನಿಗೆ ಬಂದು ಎಡ್ಮಂಡ್ ಹ್ಯಾಲಿಯ ಕೈ ಸೇರಿ, 1693ರಲ್ಲಿ, ಯಾವ ವಯಸ್ಸಿನವನಿಗೆ ಎಷ್ಟು ಬೆಲೆಗೆ ವರ್ಷಾಶನ ಮಾರಬಹುದೆಂಬ ಕೋಷ್ಟಕವಾದುವು. ಜೀವವಿಮೆಯ ಏಜೆಂಟರು ನಮ್ಮ ಜಗುಲಿಯ ಮೇಲೆ ಹರಡುವ ಪ್ರೀಮಿಯಮ್ಮಿನ ಪಟ್ಟಿಗೆ ಮೂಲಪುರುಷನೆಂದರೆ ಧೂಮಕೇತುವಿನ ಈ ಹ್ಯಾಲಿಯೇ.

ಒಬ್ಬನ ಆಯುಸ್ಸನ್ನು ಅಳೆದ ಕೋಲು ಕೈಯಲ್ಲಿರುವಾಗ ಲೋಕದ ಆಯುಸ್ಸನ್ನು ಅಳೆಯುವ ಆಸೆ ಹುಟ್ಟದಿದ್ದೀತೆ? 1699ರಲ್ಲಿ ಜಾನ್ ಕ್ರೇಗ್ ಎಂಬ ಸ್ಕಾಟ್ಲೆಂಡಿನ ಗಣಿತಜ್ಞ, ನ್ಯೂಟನ್ನನ ಪರಿಚಯದವನು, ಕ್ರೈಸ್ತಧರ್ಮಕ್ಕೆ ಗಣಿತದ ತಳಹದಿ ಹಾಕುವೆನೆಂದು ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದನು. ಸಾಕ್ಷ್ಯ ಬಾಯಿಂದ ಬಾಯಿಗೆ, ಪ್ರತಿಯಿಂದ ಪ್ರತಿಗೆ ದಾಟುತ್ತ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಕ್ರಿಸ್ತನ ಕಥೆಯ ನಂಬಿಕೆಯೂ ಹಾಗೆ ಸವೆಯುತ್ತ ಬಂದು 3150ನೆಯ ಇಸವಿಗೆ ಸೊನ್ನೆಯನ್ನು ಮುಟ್ಟುತ್ತದೆ. ಆದರೆ ಆತ ಮರಳಿ ಬರುವಾಗ ಭೂಮಿಯಲ್ಲಿ ನಂಬಿಕೆ ಉಳಿದಿರಬೇಕು. ಆದಕಾರಣ ಪುನರಾಗಮನ ಅದಕ್ಕೆ ಮುಂಚೆಯೇ ಆಗತಕ್ಕದ್ದು! ಹಾಸ್ಯಾಸ್ಪದವೆಂದು ಅನೇಕರು ಇದನ್ನು ತಳ್ಳಿಹಾಕಿದ್ದಾರೆ. ನನಗೇನೋ ಈ ಮನುಷ್ಯನ ಮೇಲೆ ಅಕ್ಕರೆ. ಪ್ರಳಯದ ದಿನವನ್ನು ನುಡಿದವರು ಎಲ್ಲ ಕಾಲದಲ್ಲಿಯೂ ಇದ್ದರು. ಆದರೆ ಸಾಕ್ಷ್ಯ ಸವೆಯುವ ವೇಗ ಇಷ್ಟು ಎಂದು ಆಧಾರ ಕೊಟ್ಟು, ತನ್ನ ತಪ್ಪನ್ನು ಇನ್ನೊಬ್ಬನು ಹಿಡಿಯಲು ಅನುವಾಗುವಂತೆ ನುಡಿದವರು ವಿರಳ.

ಮುಂದಿನ ಶತಮಾನದಲ್ಲಿ ಕೋಲು ಇನ್ನಷ್ಟು ನಯವಾಯಿತು. ತಾಮಸ್ ಬೇಯ್ಸ್ ಎಂಬ ಪಾದ್ರಿ 1761ರಲ್ಲಿ ತೀರಿಕೊಂಡ ಮೇಲೆ, ಆತನ ಕಾಗದಗಳಲ್ಲಿ ದೊರೆತ ಲೇಖನವನ್ನು ಮಿತ್ರನಾದ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದನು. ಹೊಸದಾಗಿ ಕಂಡ ಸಂಗತಿ ನಮ್ಮ ಹಳೆಯ ಊಹೆಗಳ ತೂಕವನ್ನು ಹೇಗೆ ಬದಲಿಸಬೇಕೆಂಬುದು ಅದರ ತಿರುಳು. ಫ್ರಾನ್ಸಿನ ಲಪ್ಲಾಸ್ ಅದೇ ದಾರಿಯಲ್ಲಿ ನಡೆದು, ಐದು ಸಾವಿರ ವರ್ಷ, ಎಂದರೆ 18,26,213 ದಿನ, ತಪ್ಪದೆ ಮೂಡಿದ ಸೂರ್ಯ ನಾಳೆಯೂ ಮೂಡುವನೆಂಬುದಕ್ಕೆ ಒಂದಕ್ಕೆ 18,26,214ರಂತೆ ಪಣ ಕಟ್ಟಬಹುದೆಂದನು. ಇದನ್ನು ಉದಾಹರಿಸುವವರು ಆತನ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ: ದಿನರಾತ್ರಿಗಳ ಕಾರಣವನ್ನು ಬಲ್ಲವನಿಗೆ ಈ ಭರವಸೆ ಇನ್ನೂ ಎಷ್ಟೋ ಹೆಚ್ಚಿನದು ಎಂದು ಆತನೇ ಸೇರಿಸಿದ್ದನು. ಕಾರಣ ತಿಳಿಯದಾಗ ಎಣಿಕೆಯ ಬಲ. ತಿಳಿದಾಗ ಎಣಿಕೆಗೆ ಎರಡನೆಯ ಸ್ಥಾನ.

ಇನ್ನು ನಮ್ಮ ಕಾಲಕ್ಕೆ ಬರೋಣ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ತಿಂಗಳಿಗೆ ಎಷ್ಟು ಟ್ಯಾಂಕುಗಳನ್ನು ತಯಾರಿಸುತ್ತಾರೆಂದು ತಿಳಿಯಲು, ಕೈವಶವಾದ ಟ್ಯಾಂಕುಗಳ ಮೇಲಿನ ಕ್ರಮಸಂಖ್ಯೆಗಳನ್ನು ಮಿತ್ರಪಕ್ಷದ ಗಣಿತಜ್ಞರು ಹಿಡಿದುಕೊಂಡು ಕುಳಿತರು. 1942ರ ಆಗಸ್ಟಿಗೆ ಗೂಢಚಾರರ ಅಂದಾಜು 1,550. ಗಣಿತದ ಅಂದಾಜು 327. ಯುದ್ಧ ಮುಗಿದ ಮೇಲೆ ಜರ್ಮನರ ದಫ್ತರದಲ್ಲಿ ಸಿಕ್ಕ ಸಂಖ್ಯೆ 342. ಈ ಉಪಾಯ ನಮಗೇನೂ ಅಪರಿಚಿತವಲ್ಲ. ಗಣೇಶೋತ್ಸವದ ಚಂದಾ ಕೇಳಲು ಹುಡುಗರು ಬರುತ್ತಾರೆ. ಹತ್ತು ರೂಪಾಯಿಗೆ ಹರಿದುಕೊಟ್ಟ ರಸೀದಿಯ ಮೂಲೆಯಲ್ಲಿ ಕೆಂಪು ಶಾಯಿಯ ಸಂಖ್ಯೆ 47. ಈ ಸಲ ಹತ್ತು ಸಾವಿರ ರಸೀದಿ ಹಾಕಿಸಿದ್ದೇವೆಂದು ಹುಡುಗರು ಕೊಚ್ಚಿಕೊಂಡರೆ ಮನೆಯ ಯಜಮಾನನು ಮೀಸೆಯೊಳಗೆ ನಗುತ್ತಾನೆ. ಹತ್ತು ಸಾವಿರದಲ್ಲಿ ಯಾವುದೋ ಒಂದು ತನ್ನ ಪಾಲಿಗೆ ಬರುವುದಾದರೆ ಅದು ಮೊದಲ ನೂರರೊಳಗೆ ಬೀಳುವ ಸಂಭವ ನೂರಕ್ಕೆ ಒಂದು; ಪುಸ್ತಕದಲ್ಲಿರುವುದೇ ನೂರು ಹಾಳೆಯಾದರೆ ಅದು ಖಂಡಿತ.

ಬ್ರ್ಯಾಂಡನ್ ಕಾರ್ಟರ್ ಎಂಬ ಖಭೌತ ವಿಜ್ಞಾನಿಗಳು 1983ರಲ್ಲಿ ಈ ರಸೀದಿಯನ್ನು ಮನುಷ್ಯನ ಕೈಗೇ ಕೊಟ್ಟರು. ಮೊದಲ ಮಾನವನಿಂದ ಎಣಿಸಿದರೆ ಇದುವರೆಗೆ ಹುಟ್ಟಿದವರು ಸುಮಾರು ಆರು ಸಾವಿರ ಕೋಟಿ ಎಂದಿಟ್ಟುಕೊಂಡರೆ ನನ್ನ ಜನ್ಮದ ಕ್ರಮಸಂಖ್ಯೆ ಅಷ್ಟು. ಮುಂದೆ ಲಕ್ಷಾಂತರ ವರ್ಷ ಬಾಳಿ ನಕ್ಷತ್ರಗಳಿಗೆ ಹಬ್ಬುವ ಕುಲದಲ್ಲಿ ನಾನು ಹುಟ್ಟಿದ್ದರೆ, ಅಷ್ಟೊಂದು ಜನರಲ್ಲಿ ತೀರ ಆರಂಭದ ಪಂಕ್ತಿಯಲ್ಲಿಯೇ ನನಗೆ ಎಲೆ ಹಾಕಿದ್ದೇಕೆ? ಕುಲ ಬೇಗ ಮುಗಿಯುವುದಾದರೆ ಈ ಸ್ಥಾನದಲ್ಲಿ ಆಶ್ಚರ್ಯವೇನೂ ಇಲ್ಲ. ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಸ್ವತಂತ್ರವಾಗಿ ಇದೇ ತರ್ಕವನ್ನು ಕಂಡರು. ಕೆನಡದ ದಾರ್ಶನಿಕ ಜಾನ್ ಲೆಸ್ಲಿ 1996ರಲ್ಲಿ ಇದನ್ನು ಒಂದು ಗ್ರಂಥವಾಗಿಯೇ ಬೆಳೆಸಿದರು. ನನ್ನ ಸಂಖ್ಯೆ ಮೊದಲ ನೂರಕ್ಕೆ ಐದರೊಳಗೆ ಸೇರಿಲ್ಲವೆಂದು ಒಪ್ಪಿದರೆ ಒಟ್ಟು ಹುಟ್ಟುವವರು 1,20,000 ಕೋಟಿಯನ್ನು ಮೀರಲಾರರು. ಜನಸಂಖ್ಯೆ ಸಾವಿರ ಕೋಟಿಯಲ್ಲಿ ನಿಂತು, ಸರಾಸರಿ ಆಯುಸ್ಸು 80 ಆದರೆ, ಉಳಿದಿರುವುದು ಒಂಬತ್ತು ಸಾವಿರ ವರ್ಷದ ಸುಮಾರು.

ಇದಕ್ಕೂ ಮುಂಚೆ, 1969ರಲ್ಲಿ, ರಿಚರ್ಡ್ ಗಾಟ್ ಎಂಬ ಅಮೆರಿಕದ ತರುಣರು ಬರ್ಲಿನ್ ಗೋಡೆಯ ಎದುರಿಗೆ ನಿಂತಿದ್ದರು. ಗೋಡೆಗೆ ಆಗ ಎಂಟು ವರ್ಷ. ತಾವು ಅದನ್ನು ನೋಡಲು ಬಂದ ಗಳಿಗೆಯಲ್ಲಿ ವಿಶೇಷವೇನೂ ಇಲ್ಲ; ಆದ್ದರಿಂದ ಅದರ ಆಯುಸ್ಸಿನ ನಡುವಣ ಅರ್ಧದಲ್ಲಿ ತಾವಿರುವ ಸಂಭವ ಸರಿಪಾಲು; ಹಾಗಾದರೆ ಗೋಡೆ ಇನ್ನು ಎರಡು ವರ್ಷ ಎಂಟು ತಿಂಗಳಿಗಿಂತ ಹೆಚ್ಚಾಗಿಯೂ ಇಪ್ಪತ್ತನಾಲ್ಕು ವರ್ಷಕ್ಕಿಂತ ಕಡಮೆಯಾಗಿಯೂ ನಿಂತೀತು ಎಂದು ಅವರು ಎಣಿಸಿದರು. ಇಪ್ಪತ್ತು ವರ್ಷಕ್ಕೆ ಗೋಡೆ ಬಿದ್ದಿತು. 1993ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಅದೇ ಸೂತ್ರವನ್ನು, ನೂರಕ್ಕೆ 95ರ ನಿಶ್ಚಯದೊಡನೆ, ಎರಡು ಲಕ್ಷ ವರ್ಷ ಹಳೆಯದಾದ ನಮ್ಮ ಕುಲಕ್ಕೆ ಹಚ್ಚಿ, ಇನ್ನು 5,100 ವರ್ಷಕ್ಕೆ ಕಡಮೆಯಿಲ್ಲ, 78 ಲಕ್ಷಕ್ಕೆ ಹೆಚ್ಚಿಲ್ಲ ಎಂದರು.

ಇಲ್ಲಿ ಒಂದು ಕುತೂಹಲ. ಪೂಜೆಯ ಸಂಕಲ್ಪದಲ್ಲಿ ನಮ್ಮ ಪುರೋಹಿತರು ಕಲ್ಪ, ಮನ್ವಂತರ, ಯುಗ, ಪಾದಗಳನ್ನು ಹೇಳಿ ನಾವು ಕಾಲದ ಯಾವ ಮೆಟ್ಟಿಲಿನಲ್ಲಿ ಕುಳಿತಿದ್ದೇವೆಂದು ದಿನವೂ ಸಾರುತ್ತಾರಲ್ಲ. ಕಲಿಯುಗಕ್ಕೆ 4,32,000 ವರ್ಷ. ಸಂದುದು 5,100ಕ್ಕೆ ತುಸು ಮೇಲೆ, ಎಂದರೆ ಎಂಬತ್ತರಲ್ಲಿ ಒಂದು ಪಾಲಿನ ಸುಮಾರು. ಗಾಟ್ ಅವರ ಸೂತ್ರಕ್ಕೆ ಇದು ಸಮ್ಮತವಲ್ಲ! ಸಂದುದರ 39 ಪಟ್ಟು, ಸುಮಾರು ಎರಡು ಲಕ್ಷ ವರ್ಷ, ಅದಕ್ಕಿಂತ ಹೆಚ್ಚು ಅದು ಕಲಿಗೆ ಕೊಡದು. ಪುರೋಹಿತರಿಗೆ ಮೊತ್ತ ಮೊದಲೇ ಗೊತ್ತು. ಗಾಟ್ ಅವರಿಗೆ ಗೊತ್ತಿರುವುದು ಸಂದುದು ಮಾತ್ರ.

ಆಕ್ಷೇಪಗಳಿಗೇನೂ ಬರವಿಲ್ಲ. ಮದುವೆಗೆ ಹೋಗಿ ತಾಳಿ ಕಟ್ಟಿದ ಐದು ನಿಮಿಷಕ್ಕೆ ಈ ಸೂತ್ರವನ್ನು ಹಚ್ಚಿ ದಾಂಪತ್ಯದ ಆಯುಸ್ಸನ್ನು ಎಣಿಸಬಾರದೆಂಬ ಎಚ್ಚರವನ್ನು ಗಾಟ್ ಅವರೇ ಕೊಟ್ಟಿದ್ದರು: ನಮ್ಮನ್ನು ಕರೆದದ್ದೇ ಆ ವಿಶೇಷ ಗಳಿಗೆಗೆ. ಭೌತವಿಜ್ಞಾನಿ ಕಾರ್ಲ್‌ಟನ್ ಕೇವ್ಸ್ 2000ದಲ್ಲಿ ಹತ್ತು ವರ್ಷ ದಾಟಿದ ಆರು ನಾಯಿಗಳನ್ನು ಹೆಸರಿಸಿ, ಒಂದೊಂದೂ ಈಗಿನ ವಯಸ್ಸಿನ ಇಮ್ಮಡಿ ಬದುಕಲಾರದೆಂದು ಸಾವಿರ ಸಾವಿರ ಡಾಲರಿನ ಪಣ ಒಡ್ಡಿದರು. ಸೂತ್ರದ ಪ್ರಕಾರ ಅದು ಸರಿಸಮ ಸಂಭವದ ಆಟ. ಗಾಟ್ ಪಣಕ್ಕೆ ಇಳಿಯಲಿಲ್ಲ. ನಾಯಿಯ ಆಯುಸ್ಸು ಎಷ್ಟೆಂದು ಬೀದಿಯ ಹುಡುಗನೂ ಬಲ್ಲ, ಏಕೆಂದರೆ ಸತ್ತ ನಾಯಿಗಳನ್ನು ಕಂಡಿದ್ದಾನೆ. ನನ್ನ ತೊಡಕೂ ಇಲ್ಲಿಯದೇ. ಗ್ರಾಂಟನ ಕೈಯಲ್ಲಿ ಸಾವಿರಾರು ಮುಗಿದ ಜೀವನಗಳಿದ್ದುವು. ಟ್ಯಾಂಕು ಎಣಿಸಿದವರ ಮುಂದೆ ಎಲ್ಲೆಲ್ಲಿಯದೋ ಹತ್ತಾರು ಸಂಖ್ಯೆಗಳಿದ್ದುವು. ಮಾನವಕುಲವೋ ಒಂದೇ ಒಂದು, ಅದೂ ಮುಗಿದಿಲ್ಲ. ಆ ರಸೀದಿಯ ಸಂಗತಿಯನ್ನೇ ಮತ್ತೆ ನೋಡಿ: ಹುಡುಗರು ತಮ್ಮ ಬೀದಿಯಿಂದಲೇ ಹೊರಟಿದ್ದು, ಅಂದು ಚಂದಾ ಎತ್ತುವ ಮೊದಲ ಬೆಳಗಾಗಿದ್ದರೆ, ಪುಸ್ತಕ ಎಷ್ಟು ದಪ್ಪವಾಗಿದ್ದರೂ ಆ ಮನೆಗೆ ಬರುವುದು 47ರಂತಹ ಸಂಖ್ಯೆಯೇ. ಹಾಗೆಂದು ಕಾರ್ಟರರ ತರ್ಕವನ್ನು ಒಂದೇ ಏಟಿಗೆ ಉರುಳಿಸಿದೆನೆಂದು ನಾನು ಹೇಳಲಾರೆ. ಅದನ್ನು ಕೊಂದೆವೆಂದು ಘೋಷಿಸಿದವರು ಹಲವರು, ಆದರೆ ಅದು ಸತ್ತದ್ದು ಯಾವ ರೋಗದಿಂದ ಎಂಬುದರಲ್ಲಿ ಅವರಿಗೆ ಒಮ್ಮತವಿಲ್ಲ. ಲಂಡನ್ನಿನ ಮುದುಕಿಯರು ಹೆಣದ ಹೊರಗೆ ನಿಂತು ನೋಡುತ್ತಿದ್ದರು. ಈ ಲೆಕ್ಕದಲ್ಲಿ ಎಣಿಸುವವನೂ ಪಟ್ಟಿಯೊಳಗೇ ಇದ್ದಾನೆ.

ಗ್ರಾಂಟನ ಕಡೆಗಾಲ ಸುಖದ್ದಲ್ಲ. 1666ರ ಮಹಾಗ್ನಿಯಲ್ಲಿ ಆಸ್ತಿ ಹೋಯಿತು. ಕ್ಯಾಥೊಲಿಕ್ ಮತಕ್ಕೆ ಸೇರಿದ್ದರಿಂದ ಊರಿನ ಸ್ಥಾನಮಾನಗಳೂ ಹೋದುವು. 1674ರ ಏಪ್ರಿಲ್ 18ರಂದು, ಈಸ್ಟರಿನ ಹಿಂದಿನ ದಿನ, ಕಾಮಾಲೆಯಿಂದ ಆತ ತೀರಿಕೊಂಡನು. ವಯಸ್ಸು 53, ಆತನ ಕೋಷ್ಟಕದ ಪ್ರಕಾರ ನೂರರಲ್ಲಿ ಹತ್ತು ಮಂದಿ ಹಾಯ್ದು ಆರು ಮಂದಿ ಮಾತ್ರ ದಾಟುವ ಮೆಟ್ಟಿಲು ಅದು. ಫ್ಲೀಟ್ ಸ್ಟ್ರೀಟಿನ ಸೇಂಟ್ ಡನ್‌ಸ್ಟನ್ ಇಗರ್ಜಿಯಲ್ಲಿ ಆತನನ್ನು ಹೂಳಿದರು. ಮುಂದಿನ ಗುರುವಾರ ಚಂದಾದಾರರ ಮನೆಗಳಿಗೆ ಬಂದ ಹಾಳೆಯಲ್ಲಿ, ಕಾಮಾಲೆ ಎಂಬ ಸಾಲಿನ ಮುಂದೆ, ಆತನೂ ಒಂದಂಕಿಯಾಗಿ ಸೇರಿಕೊಂಡಿರಬೇಕು.